ಮಾವು ಹೂ ಬಿಡುವ ಮುಂಚೆ ಒಂದು ಮಾತು

ಕಬ್ಬಾಳು ಸುತ್ತಮುತ್ತಲ ರೈತರೇ, ಕಬ್ಬಾಳಮ್ಮನ ದರ್ಶನಕ್ಕೆ ಬಂದು ಹೋಗುವ ಅಣ್ಣ ಅಕ್ಕಂದಿರೇ,

ಪಕ್ಕದ ಹೊಲದವರು ಔಷಧಿ ಹೊಡೆಯುತ್ತಾರೆಂದರೆ ರೇಷ್ಮೆ ಸಾಕುವ ಮನೆಗಳಲ್ಲಿ ಎಂಥ ಗಾಬರಿ! ಗಾಳಿ ಎತ್ತ ಬೀಸುತ್ತಿದೆ ನೋಡುತ್ತೇವೆ. "ಅಣ್ಣಾ, ಹುಳು ನಾಲ್ಕನೇ ಜ್ವರ ಎದ್ದಿದೆ, ನಾಲ್ಕು ದಿನ ತಡೀರಿ" ಎಂದು ಬೇಡಿಕೊಳ್ಳುತ್ತೇವೆ. ವಿಷ ಸೋಕಿದ ಹಿಪ್ಪುನೇರಳೆ ಸೊಪ್ಪು ತಿಂದ ಹುಳು ವಾಂತಿ ಮಾಡಿಕೊಂಡು ಸಾಯುವುದನ್ನು ಕಂಡ ಜನ ನಾವು. ಅದೇ ಎಚ್ಚರ ಜೇನುಹುಳುವಿನ ಮೇಲೂ ಇರಲಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಡಿಸೆಂಬರ್ ಕಳೆಯುತ್ತಿದ್ದಂತೆ ಮಾವು ಹೂ ಬಿಡುತ್ತದೆ. ಜಿಗಿಹುಳು, ಬೂದಿರೋಗದ ಭಯಕ್ಕೆ ಟ್ಯಾಂಕು ಬೆನ್ನಿಗೇರುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಕೀಟನಾಶಕಗಳು ಎಲೆಯ ಮೇಲಷ್ಟೇ ನಿಲ್ಲುವುದಿಲ್ಲ; ಗಿಡದ ರಸಕ್ಕಿಳಿದು ಮಕರಂದಕ್ಕೂ ಬರುತ್ತವೆ. ಬಿಸಿಲೇರಿದಾಗ ಹೊಡೆದ ತೋಪಿನ ಪಕ್ಕದ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲ ಬಳಿ ಕೂತು ನೋಡಿ. ನಾಲಿಗೆ ಹೊರಚಾಚಿದ ಹುಳುಗಳು ಬೆನ್ನಡಿಯಾಗಿ ಬಿದ್ದು ಗಿರಗಿರನೆ ಸುತ್ತುತ್ತಿರುತ್ತವೆ. ಸಾಯದೆ ಗೂಡು ಸೇರಿದ ಹುಳು ತಂದ ಮಕರಂದವೇ ಮುಂದೆ ನಮ್ಮ ಬಾಟಲಿಯ ಜೇನು.

ಸೊಪ್ಪು, ಹಣ್ಣನ್ನಾದರೆ ತೊಳೆದೇವು. ಜೇನನ್ನು ತೊಳೆಯುವುದು ಹೇಗೆ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಪ್ರಪಂಚದ ಮೂಲೆಮೂಲೆಯಿಂದ ತರಿಸಿದ 198 ಜೇನಿನ ಮಾದರಿಗಳಲ್ಲಿ ನಾಲ್ಕಕ್ಕೆ ಮೂರರಲ್ಲಿ ಇದೇ ಜಾತಿಯ ಕೀಟನಾಶಕದ ಉಳಿಕೆ ಸಿಕ್ಕಿತು. ಬಹುಪಾಲು ಮಾದರಿಗಳಲ್ಲಿ ಅದು ಮನುಷ್ಯರಿಗೆ ನಿಗದಿಯಾದ ಮಿತಿಯ ಒಳಗೇ ಇತ್ತು. ಅದನ್ನೂ ಹೇಳಲೇಬೇಕು, ಹೆದರಿಸಿ ಜೇನು ಬಿಡಿಸುವ ಉದ್ದೇಶ ನನಗಿಲ್ಲ. ಆದರೆ ಅನ್ನ, ತರಕಾರಿ, ಹಣ್ಣು ಎಲ್ಲದರಿಂದಲೂ ಚೂರುಚೂರು ಸೇರುವ ಮೈ ಇದು. ಜೇನನ್ನು ನಾವು ನೆಕ್ಕಿಸುವುದು ಕೆಮ್ಮುವ ಮಗುವಿಗೆ. ಅದರ ಪುಟ್ಟ ಮೈಗೆ ಅದೇ ಚಮಚ ಹೆಚ್ಚಿನ ಪಾಲು. (ವರ್ಷ ತುಂಬದ ಕೂಸಿಗಂತೂ ಯಾವ ಜೇನೂ ಬೇಡ, ಅದಕ್ಕೆ ಬೇರೆಯದೇ ಅಪಾಯವಿದೆ.)

ಒಂದಕ್ಕೆ ಕೊಟ್ಟ ಮದ್ದು ಇನ್ನೊಂದರ ಜೀವ ತೆಗೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನ ತಿಂದ ದೇಶದ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ದನಕ್ಕೆ ಅದನ್ನು ಕೊಡುವುದು ನಿಷೇಧವಾಯಿತು. 2012ರಲ್ಲಿ ನಮ್ಮ ಜಿಲ್ಲೆಯ ರಾಮದೇವರ ಬೆಟ್ಟ ರಣಹದ್ದು ಧಾಮವಾಗುವ ಹೊತ್ತಿಗೆ ಅಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟು.

ತೋಪಿನವರೇ, ಹೂ ಅರಳಿರುವಾಗ ಕೀಟನಾಶಕ ಹೊಡೆಯಬೇಡಿ. ಕಾಯಿ ಕಚ್ಚಲು ಹುಳುಗಳೇ ಬೇಕು. ಕೊಯ್ಲಾದ ಮೇಲೆ ಒತ್ತೊತ್ತಾದ ಕೊಂಬೆ ಸವರಿ ಗಾಳಿ ಬೆಳಕು ಬಿಟ್ಟರೆ ಜಿಗಿಹುಳುವೂ ತಗ್ಗುತ್ತದೆ. ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಯಾವುದು, ಎಷ್ಟು ಎಂದು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಅಂಗಡಿಯವರ ಮಾತೊಂದನ್ನೇ ನಂಬಬೇಡಿ.

ಕೊಳ್ಳುವವರೇ, "ಕಾಡುಜೇನು" ಎಂದ ಮಾತ್ರಕ್ಕೆ ಚೊಕ್ಕ ಎಂದುಕೊಳ್ಳಬೇಡಿ. ಬೆಟ್ಟದ ಬಂಡೆಗೆ ಕಟ್ಟಿದ ಹೆಜ್ಜೇನೂ ಕೆಳಗಿನ ತೋಪಿಗೆ ಇಳಿಯುತ್ತದೆ. ಪೆಟ್ಟಿಗೆ ಎಲ್ಲಿತ್ತು, ಸುತ್ತ ಯಾವ ಬೆಳೆ, ಔಷಧಿ ಯಾವಾಗ ಹೊಡೆದರು ಎಂದು ಕೇಳಿ. ಸರಿಯಾಗಿ ಉತ್ತರ ಕೊಡುವವರಿಗೆ ನಾಲ್ಕು ಕಾಸು ಹೆಚ್ಚೇ ಕೊಡಿ.

ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಯಾವ ತೋಪಿಗೆ ಯಾವಾಗ ಔಷಧಿ ಹೊಡೆಯುತ್ತಾರೆಂದು ಹಿಂದಿನ ದಿನವೇ ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿ. ಪೆಟ್ಟಿಗೆ ಇಟ್ಟವರು ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಬೇರೆ ಕಡೆ ಸಾಗಿಸಲು ಅಷ್ಟು ಸಮಯ ಸಾಕು.