ಸಾಲು ತಪ್ಪಿಸುವವರು ಯಾರು?

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ಬಳಿ ಡಿಸ್ನಿ ಕಂಪನಿಯ ದೊಡ್ಡ ವಿನೋದನಗರವಿದೆ. 1971ರಲ್ಲಿ ಬಾಗಿಲು ತೆರೆದ ಈ ವಾಲ್ಟ್ ಡಿಸ್ನಿ ವರ್ಲ್ಡಿಗೆ ಮೊಮ್ಮಕ್ಕಳ ಕೈಹಿಡಿದು ಹೋಗುವ ಹಿರಿಯರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಮಗನೋ ಮಗಳೋ ಆ ದೇಶದಲ್ಲಿ ಕೆಲಸದಲ್ಲಿರುತ್ತಾರೆ. ಅಲ್ಲಿನ ನಾಲ್ಕು ಉದ್ಯಾನಗಳಲ್ಲಿ ಎಪ್ಕಾಟ್ ಎಂಬುದೊಂದು. ಅದರ ಕೆರೆಯ ಸುತ್ತಿನ ದಾರಿಯೊಂದೇ ಸುಮಾರು 2 ಕಿಲೋಮೀಟರು. ಮಂಡಿ ಹಿಡಿದವರು, ಎದೆಬೇನೆಯವರು, ಕಾಲಿನ ಬಲವಿಲ್ಲದವರು ಮನೆಮಂದಿಯೊಡನೆ ದಿನವಿಡೀ ತಿರುಗಬೇಕಾದರೆ ಗಾಲಿಕುರ್ಚಿಯನ್ನೋ ಬ್ಯಾಟರಿ ಸ್ಕೂಟರನ್ನೋ ಹತ್ತಲೇಬೇಕು.

ಹತ್ತಿದೊಡನೆ ಪಿಸುಮಾತು ಬೆನ್ನು ಹತ್ತುತ್ತದೆ: ಸೋಮಾರಿಗಳು! ಸಾಲು ತಪ್ಪಿಸುವ ಉಪಾಯ! ಮೊಮ್ಮಗುವನ್ನು ಸವಾರಿಗೆ ಕೂರಿಸಲು ಎದ್ದು ಎರಡು ಹೆಜ್ಜೆ ಇಟ್ಟರಂತೂ ತೀರಿತು, ಅವರು ಕಳ್ಳರೇ ಸರಿ. ಎರಡು ಹೆಜ್ಜೆ ನಡೆಯಬಲ್ಲವನು ಎರಡು ಮೈಲಿ ನಡೆಯಬಲ್ಲನೆಂಬುದು ಎಲ್ಲಿಯ ತರ್ಕ?

ಮೋಸ ನಡೆದೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಿರಿವಂತ ಕುಟುಂಬಗಳು ಅಂಗವಿಕಲರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಸಾಲು ದಾಟುತ್ತಿವೆಯೆಂದು 2013ರಲ್ಲಿ ಪತ್ರಿಕೆಗಳು ಬರೆದವು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿಯು ಅಂಗವಿಕಲರಿಗೆ ಕೊಡುತ್ತಿದ್ದ ಹಳೆಯ ಚೀಟಿಯನ್ನೇ ರದ್ದುಮಾಡಿ ಬೇರೆ ಏರ್ಪಾಡು ತಂದಿತು. 2024ರಲ್ಲಿ ಅದನ್ನೂ ಬಿಗಿಗೊಳಿಸಿ, ಆಟಿಸಂನಂಥ ಬೆಳವಣಿಗೆಯ ತೊಂದರೆಯಿಂದ ಸಾಲಿನಲ್ಲಿ ಕಾಯಲಾರದವರಿಗೆ ಮೀಸಲಿಟ್ಟಿತು. ಮೋಸ ಮಾಡಿದವರು ಹಣವಂತರು. ದಂಡ ತೆತ್ತವರು ರೋಗಿಗಳು!

ಇಷ್ಟಕ್ಕೂ ಗಾಲಿಕುರ್ಚಿಯಿಂದ ಸಾಲು ತಪ್ಪುತ್ತದೆಯೆ? ಅಲ್ಲಿನ ಬಹುಪಾಲು ಸವಾರಿಗಳಲ್ಲಿ ಕುರ್ಚಿಯವರೂ ಎಲ್ಲರೊಡನೆ ಅದೇ ಸಾಲಿನಲ್ಲಿ ಸಾಗುತ್ತಾರೆ. ಕುರ್ಚಿ ಕಾಲಿಗೆ ಬದಲು, ಕಾಯುವುದಕ್ಕೆ ಬದಲಲ್ಲ.

ಹಾಗಾದರೆ ನಿಜವಾಗಿ ಸಾಲು ತಪ್ಪಿಸುವವರು ಯಾರು? ಬೇಗನೆ ಒಳಗೆ ಬಿಡುವ ಫಾಸ್ಟ್‌ಪಾಸ್ ಎಂಬ ಚೀಟಿಯನ್ನು ಕಂಪನಿಯು 1999ರಲ್ಲಿ ಆರಂಭಿಸಿದಾಗ ಅದಕ್ಕೆ ಬೆಲೆಯಿರಲಿಲ್ಲ. ಟಿಕೆಟು ಕೊಂಡ ಯಾರು ಬೇಕಾದರೂ ಪಡೆಯಬಹುದಿತ್ತು. 2021ರಲ್ಲಿ ಅದು ಹೋಗಿ ಹಣ ತೆತ್ತು ಪಡೆಯುವ ಏರ್ಪಾಡು ಬಂತು. 2024ರ ಅಕ್ಟೋಬರಿನಲ್ಲಿ ಇನ್ನೂ ಮೇಲಿನದೊಂದು ಬಂತು. ಫ್ಲಾರಿಡಾದಲ್ಲಿ ಅದಕ್ಕೆ ಆಗ ಸಾರಿದ ದರ ದಿನವನ್ನೂ ಉದ್ಯಾನವನ್ನೂ ನೋಡಿ ತಲೆಗೆ 129ರಿಂದ 449 ಡಾಲರು; ಪ್ರವೇಶದ ಟಿಕೆಟು ಬೇರೆ. ಇದನ್ನು ಕೊಂಡವನು ಬಿಸಿಲಲ್ಲಿ ನಿಂತ ಸಂಸಾರಗಳ ಪಕ್ಕದಲ್ಲೇ ನಡೆದು ಮುಂದೆ ಹೋಗುತ್ತಾನೆ. ಅವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಹಣದಿಂದ ಸಾಲು ಮುರಿದರೆ ವ್ಯಾಪಾರ, ನೋವಿನಿಂದ ಕುರ್ಚಿಯಲ್ಲಿ ಕೂತರೆ ಅಪರಾಧ! ಸಾಲಿನಲ್ಲಿ ನಿಂತವರ ಸಿಟ್ಟು ನ್ಯಾಯವಾದದ್ದೇ. ಅದು ತಿರುಗಬೇಕಾದ ದಿಕ್ಕು ಬೇರೆ.

ಕುರ್ಚಿಯವರಿಗೆ ಅಲ್ಲಿ ಸಿಕ್ಕಿರುವ ಇಳಿಜಾರು ದಾರಿ, ಅಗಲ ಬಾಗಿಲು ಯಾವ ಕಂಪನಿಯ ದಾನವೂ ಅಲ್ಲ. 1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನಲ್ಲಿ ಅಂಗವಿಕಲರು ತಮ್ಮ ಗಾಲಿಕುರ್ಚಿ, ಊರುಗೋಲುಗಳನ್ನು ಕೆಳಗೆ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅದೇ ಜುಲೈ 26ರಂದು ಅಮೆರಿಕದ ಅಂಗವಿಕಲರ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ವಿನೋದೋದ್ಯಾನಗಳೂ ಆ ಕಾಯಿದೆಗೆ ಒಳಪಟ್ಟವು. 2011ರಲ್ಲಿ ಜಾರಿಗೆ ಬಂದ ನಿಯಮದಂತೆ, ಕುರ್ಚಿಯಲ್ಲೋ ಸ್ಕೂಟರಿನಲ್ಲೋ ಬಂದವನನ್ನು ನಿನ್ನ ರೋಗವೇನು ಎಂದು ಉದ್ಯಾನದ ನೌಕರನೂ ಕೇಳುವಂತಿಲ್ಲ. ಸರಕಾರವೇ ಕೇಳಬಾರದೆಂದ ಪ್ರಶ್ನೆಯನ್ನು ಕೇಳಲು ಸಾಲಿನಲ್ಲಿ ನಿಂತ ಅಪರಿಚಿತನಿಗೆ ಯಾವ ಅಧಿಕಾರ?

ಆದರೂ ಕಾಯಿದೆಯ ಕೈ ಒಂದು ಕಡೆ ಮೋಟಾಗಿದೆ. ಕುರ್ಚಿಗೆ ದಾರಿ ಬಿಡಬೇಕೆನ್ನುವ ಅದು ಕುರ್ಚಿಯನ್ನು ಒದಗಿಸಬೇಕೆನ್ನುವುದಿಲ್ಲ. ಸ್ವಂತದ್ದಿಲ್ಲದವನು ಬಾಗಿಲಲ್ಲೇ ದಿನಬಾಡಿಗೆ ತೆರಬೇಕು. ನಡೆಯಬಲ್ಲವನಿಗೆ ನೆಲ ಪುಕ್ಕಟೆ, ನಡೆಯಲಾರದವನಿಗೆ ಅದೇ ನೆಲಕ್ಕೆ ಬಾಡಿಗೆ. ಇದು ಸಮಾನತೆಯೆ?

ನಮ್ಮ ಹಿರಿಯರಿಗೂ ಒಂದು ಮಾತು. ಕನ್ನಡಕ ಹಾಕಿಕೊಳ್ಳಲು ನಾಚದ ನೀವು ಕುರ್ಚಿಗೇಕೆ ನಾಚುತ್ತೀರಿ? "ನೀವು ಹೋಗಿ ಬನ್ನಿ, ನಾನು ಇಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ" ಎಂದು ಸಾವಿರಾರು ಮೈಲಿ ದಾಟಿ ಹೋಗಿ ಹೇಳುವುದು ತ್ಯಾಗವಲ್ಲ, ಪಿಸುಮಾತಿಗೆ ಶರಣಾಗತಿ. ಮಕ್ಕಳೂ ಆ ಮಾತನ್ನು ಒಪ್ಪಿ ಮುಂದೆ ನಡೆಯಬಾರದು. ಕುರ್ಚಿ ತನ್ನಿ, ತಳ್ಳಿರಿ, ಜೊತೆಯಾಗಿ ಹೋಗಿರಿ. ಯಾರಾದರೂ ಕೆಕ್ಕರಿಸಿ ನೋಡಿದರೆ, ಹಣ ಕೊಟ್ಟು ಒಳನುಗ್ಗುವ ಪಕ್ಕದ ಬಾಗಿಲನ್ನು ತೋರಿಸಿರಿ.