ಬೂದಿದಿಬ್ಬಕ್ಕೂ ಪಹಣಿಯಲ್ಲಿ ಒಂದು ಸಾಲು ಇರಲಿ

ಪರಂಪರೆ ಎಂದರೆ ನಮಗೆ ಕಲ್ಲು. ಗುಡಿ, ಕೋಟೆ, ಶಾಸನ ಇದ್ದರೆ ಬೋರ್ಡು ಬೀಳುತ್ತದೆ, ತಂತಿ ಬೇಲಿ ಬೀಳುತ್ತದೆ. ಸಾವಿರಾರು ವರ್ಷದ ಹಿಂದೆ ಸಾಮಾನ್ಯ ಜನ ಉತ್ತು, ಕಟ್ಟಿ, ಬಾಳಿದ ಮಣ್ಣಿಗೆ ಆ ಭಾಗ್ಯವಿಲ್ಲ.

ಪುಣೆಗೆ ಕೆಲಸಕ್ಕೆ ಬಂದ ಮೇಲೆ ನನಗೆ ಇದನ್ನು ಮನದಟ್ಟು ಮಾಡಿದ್ದು ಇನಾಮಗಾಂವ್. ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಭೀಮೆಗೆ ಸೇರುವ ಘೋಡ್ ನದಿಯ ದಂಡೆಯಲ್ಲಿರುವ ಹಳ್ಳಿ ಅದು. ಇಲ್ಲಿನ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿನ ದಿಬ್ಬಗಳನ್ನು ಅಗೆದರು. ಕ್ರಿ.ಪೂ. 1600ರಿಂದ 700ರವರೆಗೆ ಬಾಳಿದ ರೈತರ ಊರು ಹೊರಬಂತು. ನೂರಕ್ಕೂ ಹೆಚ್ಚು ಮನೆಗಳು, ಐದು ಕೋಣೆಯ ಮುಖ್ಯಸ್ಥನ ಮನೆ, ಪಕ್ಕದಲ್ಲೇ ಕಣಜ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಊರ ಅಂಚಿನ ಕಾಲುವೆ ಮತ್ತು ಒಡ್ಡು. ಸುಮಾರು 200 ಮೀಟರ್ ಉದ್ದದ ಕಾಲುವೆ, ಅದರ ಬದಿಗೆ ಕಲ್ಲು-ಮಣ್ಣಿನ ಒಡ್ಡು. ಹೊಳೆಯ ನೆರೆನೀರನ್ನು ತಿರುಗಿಸಿ ಬಾರ್ಲಿಯ ಹೊಲಕ್ಕೆ ಹಾಯಿಸಲು ಮಾಡಿಕೊಂಡ ಏರ್ಪಾಡು ಎಂದು ತಜ್ಞರು ಓದಿದ್ದಾರೆ. ಇಷ್ಟು ದೊಡ್ಡ ಕೆಲಸ ಒಬ್ಬಿಬ್ಬರ ಕೈಯಲ್ಲಾಗುವುದಿಲ್ಲ. ಊರೆಲ್ಲ ಸೇರಿರಬೇಕು, ಯಾರೋ ಒಬ್ಬರು ಹೇಳಿದ್ದನ್ನು ಉಳಿದವರು ಕೇಳಿರಬೇಕು. ಒಂದು ಮಣ್ಣಿನ ಗೆರೆ ಇಷ್ಟನ್ನು ಹೇಳುತ್ತದೆ. ಅದೂ ಅಕ್ಷರವಿಲ್ಲದ ಕಾಲದ ಬಗ್ಗೆ.

ಅದೇ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ನಮ್ಮ ಸುರಪುರ ಸೀಮೆಯ ಬೂದಿಹಾಳದಲ್ಲೂ ಅಗೆದರು. ಹೆಸರಲ್ಲೇ ಬೂದಿಯಿದೆ! ಬಳ್ಳಾರಿ, ರಾಯಚೂರು, ಯಾದಗಿರಿಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದವು. ದೊಡ್ಡಿಯ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟು ಎದ್ದ ಗುಡ್ಡೆಗಳು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಆ ನಂಬಿಕೆ ದಿಬ್ಬವನ್ನು ಕಾಯುವಷ್ಟು ನಮ್ಮ ಕಡತಗಳು ಕಾದಾವೆಯೇ ಎಂಬ ಅನುಮಾನ ನನಗೆ.

ಏಕೆಂದರೆ ಈ ಬೂದಿ ಒಳ್ಳೆಯ ಗೊಬ್ಬರ. ಹೊಲಕ್ಕೆ ಹೊತ್ತೊಯ್ಯುವುದು ಹಿಂದಿನಿಂದ ನಡೆದು ಬಂದದ್ದೇ. ಬುಟ್ಟಿ, ಬಂಡಿಯ ಕಾಲದಲ್ಲಿ ದಿಬ್ಬ ಕರಗಲು ತಲೆಮಾರು ಬೇಕಿತ್ತು. ಜೆಸಿಬಿಗೆ ಒಂದು ವಾರ ಸಾಕು. ಇದಕ್ಕೆ ರೈತನನ್ನು ಬೈಯುವುದು ಸುಲಭ, ನ್ಯಾಯವಲ್ಲ. ತನ್ನ ಸರ್ವೆ ನಂಬರಿನೊಳಗೆ ಮೂರ್ನಾಲ್ಕು ಸಾವಿರ ವರ್ಷದ ದೊಡ್ಡಿ ಇದೆ ಎಂದು ಅವನಿಗೆ ಯಾವ ಕಾಗದ ಹೇಳಿದೆ?

ಅಲ್ಲಿಂದಲೇ ಶುರು ಮಾಡಬಹುದು. ಇಡೀ ರಾಜ್ಯದ ಪಹಣಿ ‘ಭೂಮಿ’ ತಂತ್ರಾಂಶದಲ್ಲಿದೆ. ಬ್ಯಾಂಕ್ ಸಾಲ ಅದರ 11ನೇ ಕಾಲಂನಲ್ಲಿ ತಪ್ಪದೆ ಕಾಣುತ್ತದೆ. ಗೊತ್ತಿರುವ ಪ್ರತಿ ದಿಬ್ಬದ ಸರ್ವೆ ನಂಬರಿಗೂ ಹಾಗೇ ಒಂದು ನಮೂದು ಸೇರಿಸುವುದು ನನ್ನ ಕಸುಬಿನವರಿಗೆ ದೊಡ್ಡ ಕೆಲಸವಲ್ಲ. ಕಷ್ಟದ ಕೆಲಸ ಬೇರೆ: ಅಷ್ಟು ಗುಂಟೆ ಉಳದೆ ಬಿಟ್ಟವನಿಗೆ ವರ್ಷವರ್ಷ ಬೆಳೆಯ ಬೆಲೆ ಕೊಡಬೇಕು. ದುಡ್ಡಿಲ್ಲದೆ ಬರೀ ನಿರ್ಬಂಧ ಹೇರಿದರೆ, ನೋಟಿಸ್ ಕೈಸೇರುವ ಮುಂಚಿನ ರಾತ್ರಿಯೇ ದಿಬ್ಬ ಸಮತಟ್ಟಾಗುತ್ತದೆ. ಬೂದಿಯ ಪದರುಗಳನ್ನು ಮತ್ತೆ ಜೋಡಿಸಿಡಲು ಯಾವ ಬ್ಯಾಕಪ್ಪೂ ಇಲ್ಲ.