ಧಾರವಾಡದ ಹತ್ತಿ ಮರೆತು ಹೈದರಾಬಾದಿನ ಭತ್ತಕ್ಕೆ ಜೈಕಾರ

ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದ ಮೇಲೆ ಮತ್ತದೇ ಹಳೆಯ ಜಗಳ ಶುರುವಾಗಿದೆ. ಒಬ್ಬರು ಹಸಿವಿನ ಭಯ ಹುಟ್ಟಿಸುತ್ತಾರೆ, ಇನ್ನೊಬ್ಬರು ವಿಷದ ಭಯ. ನನ್ನ ತಕರಾರು ಬೇರೆ. ತಂತ್ರಜ್ಞಾನ ಬರಲಿ, ಸರ್ಕಾರಿ ಸಂಸ್ಥೆಗಳಿಂದಲೇ ಬರಲಿ. ಆದರೆ ಬಿಕಾನೇರಿ ನರ್ಮಾ ಬಿಟಿ ಹತ್ತಿಯ ಲೆಕ್ಕ ಒಪ್ಪಿಸದೆ ಯಾರೂ ನಮ್ಮನ್ನು ನಂಬಿ ಎನ್ನಕೂಡದು.

1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಹುಳ ಕೊಲ್ಲುವ ವಂಶವಾಹಿ ಸೇರಿಸಿದ ಬಿಟಿ ಹತ್ತಿಗೆ ಬೆಂಕಿ ಇಟ್ಟದ್ದು ಎಲ್ಲರಿಗೂ ನೆನಪಿದೆ. 2010ರಲ್ಲಿ ಬಿಟಿ ಬದನೆಗೆ ತಡೆ ಬಿದ್ದದ್ದೂ ನೆನಪಿದೆ. ನಡುವಿನ 2009 ಯಾರ ವಾದಕ್ಕೂ ಒದಗುವುದಿಲ್ಲ, ಹಾಗಾಗಿ ಎರಡೂ ಪಕ್ಷದವರು ಅದನ್ನು ಹಾರಿ ದಾಟುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ, ದೆಹಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಕೂಡಿ ರೂಪಿಸಿದ ಹತ್ತಿ ಈ ಬಿಕಾನೇರಿ ನರ್ಮಾ ಬಿಟಿ. ಹೈಬ್ರಿಡ್ ಅಲ್ಲ, ತಳಿ. ರೈತ ಬೀಜ ಹಿಡಿದಿಟ್ಟು ಮರುವರ್ಷ ಬಿತ್ತಬಹುದಿತ್ತು. 2008ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಹೊಲಕ್ಕೆ ಬಂತು, ವರ್ಷ ಮುಗಿಯುವಷ್ಟರಲ್ಲಿ ಬೀಜೋತ್ಪಾದನೆ ನಿಂತಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ಬಿಟಿ ವಂಶವಾಹಿ 'ಮಾನ್531' ಪತ್ತೆಯಾಗಿತ್ತು. ತನಿಖೆಗೆ ನೇಮಿಸಿದ ಸೋಪೋರಿ ಸಮಿತಿ 2012ರಲ್ಲಿ ಅದನ್ನು ಖಚಿತಪಡಿಸಿತು. ಅಲ್ಲಿಗೆ ಕಡತ ಕಟ್ಟಿಟ್ಟರು.

ದಂಡ ತೆತ್ತವನು ಬೆಳೆಗಾರ. ಕೈಯಲ್ಲಿ ಉಳಿಯುವ ಬೀಜ ತಪ್ಪಿ, ವರ್ಷವರ್ಷವೂ ಕೊಳ್ಳುವ ಹೈಬ್ರಿಡ್ ಪೊಟ್ಟಣವೇ ಗತಿಯಾಯಿತು. ಅದರ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಬಿತ್ತಿದರೆ ಹುಳ ಬೇಗ ಬಿಟಿಯ ವಿಷಕ್ಕೆ ಒಗ್ಗುವುದಿಲ್ಲವೆಂಬ ಲೆಕ್ಕ. ಯಾಕೆ ಬಿತ್ತಬೇಕೆಂದು ತಿಳಿಸಿ ಹೇಳುವವರಿಲ್ಲದೆ ಎಷ್ಟೋ ಕಡೆ ಅದು ಬದುವಿನ ಮೇಲೆ ಬಿತ್ತು. ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿತು. ಹೊರಗಿನಿಂದ ಕಾಯಿ ದುಂಡಗೆ, ಹಸಿರಾಗಿ, ಚೆನ್ನಾಗಿಯೇ ಇರುತ್ತದೆ. ಮರಿಹುಳ ಕೊರೆದ ತೂತು ಮುಚ್ಚಿಹೋಗಿರುತ್ತದೆ. ಬಿಡಿಸಿ ನೋಡಿದರೆ ಅರಳೆ ಕಂದು, ಬೀಜ ಟೊಳ್ಳು.

ಈಗ ಹೊಸ ನಿಯಮಕ್ಕೆ ಬನ್ನಿ. ಜೀನೋಮ್ ತಿದ್ದಿದ, ಹೊರಗಿನ ವಂಶವಾಹಿ ಉಳಿಯದ ಬೆಳೆಗಳಿಗೆ 2022ರ ಮಾರ್ಚ್‌ನಿಂದ ಹಳೆಯ ಕಟ್ಟುನಿಟ್ಟಿನ ಪರಿಶೀಲನೆ ಇಲ್ಲ. ಉಳಿದಿಲ್ಲ ಎಂದು ಮೊದಲು ಹೇಳಬೇಕಾದದ್ದು ತಳಿ ರೂಪಿಸಿದ ಸಂಸ್ಥೆಯದೇ ಜೈವಿಕ ಸುರಕ್ಷಾ ಸಮಿತಿ. (ಕೇಂದ್ರದ ಪ್ರತಿನಿಧಿಯೊಬ್ಬರು ಅದರಲ್ಲಿರುತ್ತಾರೆ, ಅಷ್ಟರಮಟ್ಟಿಗೆ ಸಮಾಧಾನ.) 2009ರ ಎಡವಟ್ಟು ಬಯಲಾದದ್ದು ಹೇಗೆ? ಹೊರಗಿನ ವಂಶವಾಹಿ ಗುರುತು ಬಿಟ್ಟಿತ್ತು, ಪ್ರಯೋಗಾಲಯ ಅದನ್ನು ಹಿಡಿಯಿತು. ಸಾಂಬಾ ಮಸೂರಿಯಿಂದ ಬಂದ ಹೈದರಾಬಾದಿನ ಹೊಸ ತಳಿ 'ಕಮಲಾ' ಭತ್ತದಂಥದ್ದರಲ್ಲಿ ತಿದ್ದಿದ ಜಾಗ ಸಹಜ ಬದಲಾವಣೆಯಂತೆಯೇ ಕಾಣುತ್ತದೆ. ನಾಳೆ ಬೀಜ ಅದಲುಬದಲಾದರೆ ಹಿಡಿದುಕೊಡುವುದು ಸಂಸ್ಥೆಯ ದಾಖಲೆ ಪುಸ್ತಕವೊಂದೇ. ಆ ಪುಸ್ತಕದ ಮೇಲೆ ಎಷ್ಟು ಭರವಸೆ ಇಡಬಹುದೆಂದು ಕೇಳಿದರೆ ವಿಜ್ಞಾನ ವಿರೋಧಿ ಪಟ್ಟ ಕಟ್ಟುತ್ತಾರೆ!

ವಿಜಯಪುರ ಜಿಲ್ಲೆಯ ಜೈನಾಪುರ, ಬಬಲೇಶ್ವರ, ತಿಕೋಟಾ ಕಡೆಯ ರೈತರು ಎಂಜಿನಿಯರಿಂಗ್ ವಿರೋಧಿಗಳಲ್ಲ. ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಗುಡ್ಡ ಹತ್ತಿ ಒಣ ಎರೆ ಭೂಮಿಗೆ ಬಂದದ್ದನ್ನು ಕಂಡವರು. ಪಂಪು ನಿಂತರೆ, ಕಾಲುವೆ ಒಡೆದರೆ ಯಾವ ಕಚೇರಿಯ ಮುಂದೆ ಧರಣಿ ಕೂರಬೇಕೆಂದು ಅವರಿಗೆ ಗೊತ್ತು. ನೀರಾವರಿ ನಿಗಮದಲ್ಲಿ ಕಾರ್ಯಪಾಲಕ ಎಂಜಿನಿಯರ್ ಇದ್ದಾನೆ. ಬೀಜದೊಳಗಿನ ಎಂಜಿನಿಯರಿಂಗ್ ಕೆಟ್ಟರೆ ಯಾರನ್ನು ಕೇಳಬೇಕು? ಅಗ್ರೋ ಅಂಗಡಿಯವನನ್ನೇ?

ಧಾರವಾಡ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ ವಿಜಯಪುರದ ಹಿಟ್ನಳ್ಳಿಯಲ್ಲೇ ಇದೆ. ಬಿಕಾನೇರಿ ನರ್ಮಾದ ಪೂರ್ತಿ ಕಡತ, ಸೋಪೋರಿ ವರದಿಯ ಸಹಿತ, ಕನ್ನಡದಲ್ಲಿ ಅಲ್ಲಿ ಓದಲು ಸಿಗಬೇಕು. ಮುಂದಿನ ಕೃಷಿ ಮೇಳಕ್ಕೆ ಹೋಗುವವರು ಹೊಸ ತಳಿಯ ಮಳಿಗೆ ನೋಡುವ ಮೊದಲು ಅದನ್ನು ಕೇಳಿ.